ಬಾಡಿಗೆ ಹೆಸರಿನಲ್ಲಿ ಬಂದ ದೇಹ

ಸಾವನ್ನು ನೋಂದಾಯಿಸುವಾಗ ಈ ದೇಶದಲ್ಲಿ ಸತ್ತವರ ತಾಯಿಯ ಹೆಸರು ಕೇಳುತ್ತಾರೆ, ಮದುವೆಗೆ ಮುಂಚಿನ ಮನೆತನದ ಹೆಸರು ಸಹಿತ. ಸಿಡ್ನಿಯ ಪಶ್ಚಿಮ ಭಾಗದ ಅಂತ್ಯಕ್ರಿಯೆ ಸಂಸ್ಥೆಯೊಂದರಲ್ಲಿ ಕೂತು ಈ ಪ್ರಶ್ನೆ ಕೇಳುವುದು ನನ್ನ ಕೆಲಸ. ಎಂಥ ಗಟ್ಟಿ ಗಂಡಸೂ ಅಲ್ಲಿಗೆ ಬಂದಾಗ ಸ್ವಲ್ಪ ನಿಲ್ಲುತ್ತಾನೆ. ಕೆಲವರು ಅಳುತ್ತಾರೆ, ಕೆಲವರು ಊರಿಗೆ ಫೋನ್ ಹಚ್ಚಿ ಹಿರಿಯರನ್ನು ಕೇಳುತ್ತಾರೆ. ಆ ದಿನ ನನ್ನೆದುರು ಕೂತಿದ್ದ ಕಾಂಟ್ರಾಕ್ಟರ್ ಮಾತ್ರ ಮೊಬೈಲಿನಿಂದ ಕಣ್ಣೆತ್ತದೆಯೇ, "ಅದನ್ನ ಖಾಲಿ ಬಿಡಿ ಮೇಡಂ" ಎಂದ.

ಅವನು ಬೆಂಗಳೂರಿನವನು. ಹೊಸ ಬಡಾವಣೆಗಳಲ್ಲಿ ಇಟ್ಟಿಗೆ ತೊಳೆಯುವ ಗುತ್ತಿಗೆ ಹಿಡಿಯುತ್ತಿದ್ದ. ಇಲ್ಲಿ ಮನೆಯ ಗೋಡೆಗೆ ಗಿಲಾವು ಮಾಡುವುದಿಲ್ಲ, ಇಟ್ಟಿಗೆ ಹಾಗೇ ಕಾಣಬೇಕು. ಕಟ್ಟುವಾಗ ಮೇಲೆ ಬಿದ್ದ ಸಿಮೆಂಟಿನ ಕಲೆಗಳನ್ನು ಆ್ಯಸಿಡ್ ಹಚ್ಚಿ, ಜೋರು ನೀರಿನ ಪೈಪು ಹಿಡಿದು ತೊಳೆದ ಮೇಲೇ ಮಾಲೀಕರಿಗೆ ಬೀಗದ ಕೈ ಕೊಡುತ್ತಾರೆ. ಆ ಕೆಲಸಕ್ಕಿದ್ದ ಆಳೊಬ್ಬ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಏಳಲಿಲ್ಲ. ಡಾಕ್ಟರ ಚಿಕಿತ್ಸೆಯಲ್ಲಿರದೆ ಹಾಗೆ ಸತ್ತವರ ದೇಹ ಮೊದಲು ಕೊರೊನರ್ ಕಚೇರಿಗೆ ಹೋಗುತ್ತದೆ. ಸಾವಿನ ಕಾರಣ, ಸತ್ತವರ ಗುರುತು ಎರಡನ್ನೂ ತೀರ್ಮಾನಿಸುವವರು ಅವರೇ. ಹೃದಯ ನಿಂತಿದೆ, ಅನುಮಾನಕ್ಕೆ ಕಾರಣವಿಲ್ಲ ಎಂದು ಅವರು ಬರೆದುಕೊಟ್ಟಿದ್ದರು. ಗುರುತು ಹಿಡಿದವನು ಇದೇ ಕಾಂಟ್ರಾಕ್ಟರ್, ಪಾಸ್‌ಪೋರ್ಟಿನ ಮಸುಕು ಪ್ರತಿ ತೋರಿಸಿ. ಹೆಸರು ಗುಜರಾತಿನ ಕಡೆಯದು.

"ಕಡೀ ದರ್ಶನಕ್ಕ ಸರ್ವಿಸ್ ಇಡ್ತೀರೇನ್ರಿ? ಕೂಡಿ ಕೆಲಸ ಮಾಡೋರು ಬರಬಹುದಲ್ಲ?" ಎಂದೆ.

"ಯಾರೂ ಬರಲ್ಲ ಮೇಡಂ. ಜನ ಇಲ್ದೆ ಮಾಡೋ ಕ್ರಿಮೇಶನ್ ಇದೆಯಲ್ಲ, ನಿಮ್ಮ ವೆಬ್‌ಸೈಟಲ್ಲಿ ನೋಡ್ದೆ. ಅದನ್ನೇ ಬುಕ್ ಮಾಡಿ. ನೀವೂ ಕನ್ನಡದೋರು, ನಾವೂ ಕನ್ನಡದೋರು, ಸ್ವಲ್ಪ ಬೇಗ ಮುಗಿಸ್ಕೊಡಿ."

"ಬೂದಿ ಯಾರಿಗೆ ಕೊಡೋದು?"

ಅದನ್ನು ಅವನು ಯೋಚಿಸಿರಲಿಲ್ಲ. ಕಾರಿನ ಕೀಲಿಯನ್ನು ಬೆರಳಲ್ಲಿ ಎರಡು ಸಲ ತಿರುಗಿಸಿದ. "ಅದನ್ನೂ ನೀವೇ ಎಲ್ಲಾದ್ರೂ ನೋಡ್ಕೊಳಿ ಮೇಡಂ," ಎಂದು ಎದ್ದ. ಹೋಗುವಾಗ, ನಮ್ಮ ಕಟ್ಟಡದ ಹೊರಗೋಡೆಯ ಇಟ್ಟಿಗೆ ಯಾರು ತೊಳೆದದ್ದು, ಕೆಲಸ ಸರಿಯಾಗಿಲ್ಲ ಎಂದೂ ಹೇಳಿದ.

ದೇಹ ನಮ್ಮಲ್ಲಿಗೆ ಬಂದ ಮೇಲೆ ಅದನ್ನು ಸಿದ್ಧಗೊಳಿಸುವ ಕೋಣೆಯಲ್ಲಿ ನಾನೇ ಇದ್ದೆ. ಮೊದಲು ಕೈಪಟ್ಟಿ, ಕಾಲುಪಟ್ಟಿ, ಚೀಲದ ಚೀಟಿ ಮೂರರಲ್ಲೂ ಒಂದೇ ಹೆಸರಿದೆಯೇ ಎಂದು ಗಟ್ಟಿಯಾಗಿ ಓದಿ ನೋಡುತ್ತೇವೆ. ಸುಡುವುದಿದ್ದರೆ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಅದರ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುತ್ತದೆ. ಆಮೇಲೆ ಲೋಹದ್ದೇನಿದ್ದರೂ ತೆಗೆಯಬೇಕು. ಕೊರೊನರ್ ಕಡೆಯವರು ಸ್ಕ್ಯಾನ್ ಮತ್ತು ಹೊರಗಿನ ಪರೀಕ್ಷೆ ಮಾತ್ರ ಮಾಡಿದ್ದರು. ಕೊರಳಲ್ಲಿದ್ದುದನ್ನು ಬಿಚ್ಚದೆ, ಬಿಳಿ ಲೋಹದ ಮೊಟ್ಟೆಯಾಕಾರದ ಪದಕ ಎಂದು ಬರೆದಿದ್ದರು.

ಹೊದಿಕೆ ಸರಿಸಿದೆ. ಮೂವತ್ತರ ಆಸುಪಾಸಿನ ಗಂಡಸು. ಗಡ್ಡ ಒಂದಿಷ್ಟು ಬೆಳೆದಿತ್ತು. ಕೊರಳಿನಿಂದ ಎದೆಗೆ ಇಳಿಬಿದ್ದಿದ್ದ ಆ ಪದಕವನ್ನು ನೋಡಿದವಳೇ ಕೈಗವಸು ಹಾಕಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಅದು ಬೆಳ್ಳಿಯ ಕರಡಿಗೆ. ಒಳಗೆ ಇಷ್ಟಲಿಂಗ. ಶಿವದಾರ ಹರಿದುಹೋಗಿತ್ತೋ ಏನೋ, ಇಟ್ಟಿಗೆ ಕಟ್ಟುವವರು ಸಾಲು ನೆಟ್ಟಗಿರಲೆಂದು ಎಳೆಯುವ ಗುಲಾಬಿ ಬಣ್ಣದ ನೈಲಾನ್ ಹುರಿಯನ್ನೇ ಹೊಸೆದು ಕಟ್ಟಿಕೊಂಡಿದ್ದ.

ನಾನು ಧಾರವಾಡದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದವಳು. ಮಾತು ಕಲಿತದ್ದೂ ಅವಳಿಂದಲೇ. ಅವಳು ಮಿಂದು ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ಮನೆಯಲ್ಲಿ ಯಾರೂ ದನಿ ಎತ್ತುವಂತಿರಲಿಲ್ಲ. ಲಿಂಗ ಕಟ್ಟಿಕೊಂಡವರನ್ನು ನಮ್ಮ ಕಡೆ ಸುಡುವುದಿಲ್ಲ. ಕುಳ್ಳಿರಿಸಿ, ಕೈಯಲ್ಲಿ ಲಿಂಗ ಕೊಟ್ಟು, ಮಣ್ಣು ಮಾಡುತ್ತಾರೆ. ಮತ್ತೆ, ಅದನ್ನು ಕಟ್ಟಿಕೊಂಡವನಿಗೆ ಗುಜರಾತಿನ ಆ ಹೆಸರು ಇರುವುದು ಸಾಧ್ಯವೇ ಇಲ್ಲ.

ನಮ್ಮ ಮ್ಯಾನೇಜರ್ ಮಂಗಳೂರಿನವರು, ಮನೆಯಲ್ಲಿ ಕೊಂಕಣಿ ಆಡುವ ಕ್ರಿಶ್ಚಿಯನ್ನರು. ನಾನು ಕರೆದಾಗ ಊಟದ ಡಬ್ಬಿ ಮುಚ್ಚಿಟ್ಟು ಬಂದರು.

"ಎಂತ ಮಾರಾಯ್ತಿ, ಮುಖ ಹೀಗೆ ಮಾಡಿದ್ದಿ?"

"ಇವ ಆ ಹೆಸರಿನಾಂವ ಅಲ್ರಿ ಸರ್," ಎಂದು ಕರಡಿಗೆ ತೋರಿಸಿದೆ.

"ಯಾರೋ ಕೊಟ್ಟದ್ದನ್ನು ಹಾಕ್ಕೊಂಡಿರಬಹುದಲ್ಲ?"

"ಇದನ್ನ ಯಾರೂ ಯಾರಿಗೂ ಕೊಡಂಗಿಲ್ರಿ. ಮೈಯಿಂದ ಬ್ಯಾರೆ ಮಾಡೋದಲ್ಲ ಇದು."

ಅವರು ಹೊದಿಕೆಯನ್ನು ಮತ್ತೆ ಎದೆಯವರೆಗೆ ಎಳೆದರು. "ಸಂಶಯ ಬಂದ ಮೇಲೆ ಸುಡ್ಲಿಕ್ಕೆ ಆಗುವುದಿಲ್ಲ. ಸುಟ್ಟದ್ದನ್ನು ತಿರುಗಿ ತರ್ಲಿಕ್ಕೆ ಆಗ್ತದಾ? ಕೊರೊನರಿಗೆ ಹೇಳ್ಲೇಬೇಕು. ಆದ್ರೆ ನಾವು ಹೇಳಿದ ಕೂಡ್ಲೇ ಆ ಮನೆಗೆ ಪೊಲೀಸ್ ಹೋಗ್ತದೆ. ಅವರ ಬೆನ್ನಿಗೇ ವೀಸಾ ನೋಡುವ ಬಾರ್ಡರಿನವರು. ಅಲ್ಲಿ ಇವನ ಹಾಗೆಯೇ ಬೇರೆ ಹೆಸರಿನಲ್ಲಿ ಎಷ್ಟು ಜನ ಉಂಟೋ, ಅದನ್ನೂ ಸ್ವಲ್ಪ ಯೋಚನೆ ಮಾಡು."

"ಮನಿಯವರು ಯಾರರ ಸಿಕ್ಕು, ಅವರ ಹೋಗಿ ಹೆಸರು ಹೇಳಿದ್ರ?"

"ಹಾಗಾದ್ರೆ ಸುಲಭ. ಆ ಬಾಡಿಗೆ ಮನೆಗೆ ಮತ್ತೆ ಹೋಗುವ ಅಗತ್ಯವೇ ಇರುವುದಿಲ್ಲ. ಹುಡುಕು. ಸುಡುವ ಸ್ಲಾಟ್ ಮುಂದೆ ಹಾಕ್ಲಿಕ್ಕೆ ಎಂತಾದ್ರೂ ಸುಳ್ಳು ನಾನು ಹೇಳ್ತೇನೆ."

ಸತ್ತವರಿಗೆ ಉಡಿಸಲು ಬಟ್ಟೆ ತರುವುದು ನಮ್ಮ ಕೆಲಸದಲ್ಲಿ ಇದ್ದದ್ದೇ. ಅದೇ ನೆಪ ಮಾಡಿಕೊಂಡು ಭಾನುವಾರ ಮಧ್ಯಾಹ್ನ ಮಾರ್ಸ್ಡನ್ ಪಾರ್ಕಿನ ಆ ವಿಳಾಸಕ್ಕೆ ಹೋದೆ. ಸಾಲಾಗಿ ಒಂದೇ ಥರದ ಮನೆಗಳು, ಇನ್ನೂ ಬೇರು ಹಿಡಿಯದ ಹುಲ್ಲು. ಬಾಗಿಲಲ್ಲಿ ಆ್ಯಸಿಡ್ ಬಿದ್ದು ಬಣ್ಣ ಹೋದ ಬೂಟುಗಳ ರಾಶಿ. ಬಾಗಿಲು ಗೇಣಗಲ ತೆರೆದ ಯುವಕ ಹಿಂದಿಯಲ್ಲಿ, ಯಾರು ಬೇಕು ಎಂದ. ಆ ಹಿಂದಿಯಲ್ಲೇ ಬೆಳಗಾವಿ ಕೇಳಿಸಿತು.

"ಗಾಬರಿ ಆಗಬ್ಯಾಡಪಾ. ನಾ ಧಾರವಾಡದಾಕಿ. ಹೆಣಕ್ಕ ಅರಿವಿ ಒಯ್ಯಾಕ ಬಂದೀನಿ."

ಅವನು ಬಾಗಿಲು ಪೂರ್ತಿ ತೆಗೆದ. ಒಳಗೆ ಗೋಡೆಯುದ್ದಕ್ಕೂ ಹಾಸಿಗೆಗಳು. ಉಳಿದವರು ಹಿತ್ತಲಿಗೆ ಜಾರಿಕೊಂಡರು. ನನಗೆ ಕೂಡಲು ಬಣ್ಣದ ಡಬ್ಬಿಯೊಂದನ್ನು ಮಗುಚಿ, ಮೇಲೆ ಟವೆಲು ಹಾಸಿ ಕೊಟ್ಟ.

"ಅವನ ಕೊರಳಾಗಿಂದು ನೋಡಿ ಬಂದೆ," ಎಂದೆ.

ಅವನು ತಲೆ ತಗ್ಗಿಸಿದ. "ಗೊತ್ತಿತ್ರಿ ಅಕ್ಕಾರ, ಅದರಿಂದನ ಸಿಗತೀವಿ ಅಂತ. ಮುಂಜಾನೆ ಎಬ್ಬಸಾಕ ಹೋದ್ರ ತಣ್ಣಗಾಗಿದ್ದ. ಕಾಂಟ್ರಾಕ್ಟರ್ ಸಾಹೇಬಗ ಫೋನ್ ಹಚ್ಚಿದ್ವಿ. ಫೋನು, ಪಾಕೀಟು, ಹೆಸರಿರೋದು ಏನೈತಿ ಎಲ್ಲಾ ತಗೀರಿ, ತಗದು ನೀವೆಲ್ಲಾ ಹೊರಗ ಹೋಗ್ರಿ, ಆ್ಯಂಬುಲೆನ್ಸ್ ನಾ ಕರೀತೀನಿ ಅಂದ. ಎಲ್ಲಾ ತಗದ್ವಿ. ಫೋನ್ ಒಡದ್ವಿ. ಉಂಗುರ ಇತ್ತು, ಅದನ್ನೂ ತಗದ್ವಿ. ಕರಡಿಗಿಗೆ ಮಾತ್ರ ಯಾರಿಗೂ ಕೈ ಹಚ್ಚಾಕ ಆಗಲಿಲ್ರಿ."

"ನಿಮ್ಮದೂ ಲಿಂಗಾಯತರ ಮನಿಯೇನು?"

"ನಾ ಮುಸಲ್ಮಾನ್ರೀ. ಆದ್ರ ಓಣ್ಯಾಗ ನೋಡಿ ಬೆಳದೀವಲ್ಲ. ಸತ್ತಾಂವನ ಕೊರಳಿಂದ ಅದನ್ನ ಹರಕೊಂಡ್ರ ಪುಣ್ಯ ಬರತೈತೇನ್ರಿ?"

ಅವನಿಗೂ ಗೊತ್ತಿದ್ದದ್ದು ಕಡಿಮೆ. ಮಲ್ಲು ಎಂದು ಕರೆಯುತ್ತಿದ್ದರು. ಊರು ಗೋಕಾಕದ ಕಡೆ.

"ಪೂರ್ತಿ ಹೆಸರು?"

"ಇಲ್ಲಿ ಪೂರ್ತಿ ಹೆಸರು ಯಾರೂ ಕೇಳಂಗಿಲ್ರಿ. ಕೇಳಿದ್ರ ನಾಳೆ ಯಾರಿಗರ ಹೇಳಬೇಕಾಗತೈತಿ."

ಗುಜರಾತಿ ಹೆಸರಿನ ಮಾಲೀಕ ಹಿಂದೆ ಇದೇ ಗುಂಪಿನಲ್ಲಿ ದುಡಿದು ಊರಿಗೆ ಮರಳಿದ್ದನಂತೆ. ಅವನ ಪಾಸ್‌ಪೋರ್ಟಿನ ಪ್ರತಿ, ಟ್ಯಾಕ್ಸ್ ನಂಬರು ಕಾಂಟ್ರಾಕ್ಟರ್ ಬಳಿ ಉಳಿದವು. ವೀಸಾ ಮುಗಿದು ಉಳಿದುಹೋದ ಮಲ್ಲುವಿಗೆ ಅದೇ ಹೆಸರು ಹಚ್ಚಿ, ಅದಕ್ಕೆ ಬಾಡಿಗೆ ಎಂದು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ.

"ಮೆಲ್ಬರ್ನ್‌ದಾಗ ಅವನ ಸೋದರಮಾವನ ಮಗ ಅದಾನ್ರಿ. ಅವನ ಕರಿಸಿಕೊಂಡಿದ್ದು. ಒಮ್ಮೆ ನನ್ನ ಫೋನಿಂದ ಮಾತಾಡಿದ್ದ, ನಂಬರ್ ಐತಿ." ಬರೆದುಕೊಡುತ್ತ ಕೇಳಿದ, "ಪೊಲೀಸರಿಗೆ ಹೇಳತೀರೇನ್ರಿ?"

"ಅವರ ಮನಿಯವರ ಬಾಯಿಂದನ ಹೇಳಿಸಬೇಕಂತ ಮಾಡೀನಿ. ನಿಮ್ಮ ಸುದ್ದಿ ಬರದಂಗ."

ಇಸ್ತ್ರಿ ಮಾಡಿದ ಒಂದು ಬಿಳಿ ಅಂಗಿ ತಂದುಕೊಟ್ಟ. ಅದು ಅವನದೇ ಅಂಗಿ, ಸತ್ತವನದಲ್ಲ. ಸತ್ತವನದೆಲ್ಲ ಆ್ಯಸಿಡ್ ಬಿದ್ದು ತೂತಾಗಿದ್ದವು.

ಮೆಲ್ಬರ್ನಿನವರು ಮೊದಲೆರಡು ಸಲ ಫೋನ್ ಎತ್ತಲಿಲ್ಲ. ಆಮೇಲೆ ಎತ್ತಿ, ಫೋನಿನಲ್ಲಿ ಏನೂ ಮಾತಾಡುವುದು ಬೇಡ, ಬರುವುದಿದ್ದರೆ ಮನೆಗೆ ಬನ್ನಿ ಎಂದರು. ಮ್ಯಾನೇಜರಿಗೆ ಹೇಳಿ ಬೆಳಗಿನ ವಿಮಾನ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ದುಃಖದಲ್ಲಿದ್ದವರ ಜೊತೆ ಮಾತಾಡುವುದು ನನಗೆ ಬರುತ್ತದೆ, ಅದೇ ನನ್ನ ಉದ್ಯೋಗ. ಹೆದರಿದವರ ಜೊತೆ ಮಾತಾಡುವುದು ಬೇರೆಯೇ ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಮೆಲ್ಬರ್ನಿನ ಹೊರವಲಯದ ಟಾರ್ನೀಟಿನಲ್ಲಿ ಹೊಸ ಮನೆ. ಹೊರಗಿನ ಇಟ್ಟಿಗೆಯ ಮೇಲೆ ಸಿಮೆಂಟಿನ ಒಂದು ಹನಿಯ ಕಲೆಯೂ ಇರಲಿಲ್ಲ. ಹೆಂಡತಿ ಚಹಾ, ಚೂಡಾ ತಂದಿಟ್ಟರು. ಮಗಳು ಬಂದಾಗ, "ಅಜ್ಜಿ ಊರಿನ ಆಂಟಿ, ನಮಸ್ಕಾರ ಮಾಡು" ಎಂದರು. ಅವಳು "ಹಾಯ್ ಆಂಟಿ" ಎಂದು ಒಳಗೆ ಹೋದಳು. ಟಿವಿಯಲ್ಲಿ ಯಾವುದೋ ಚರ್ಚೆ. ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು, ಬಾಡಿಗೆ ಏರಿಸಿದರು ಎಂದು ಒಬ್ಬರು ಕೂಗುತ್ತಿದ್ದರು. ಅವರಿಲ್ಲದೆ ನಿಮ್ಮ ಮನೆ ಕಟ್ಟುವವರು ಯಾರು ಎಂದು ಇನ್ನೊಬ್ಬರು. ಗಂಡ ದನಿ ಕಡಿಮೆ ಮಾಡಿದರು, ಆರಿಸಲಿಲ್ಲ. ಸಾವಿನಿಂದ ಕರಡಿಗೆಯವರೆಗೆ ಎಲ್ಲ ಹೇಳಿದೆ.

"ನೀವು ಕೊರೊನರ್ ಆಫೀಸಿಗೆ ಒಂದ ಫೋನ್ ಮಾಡಿದ್ರ ಸಾಕ್ರಿ," ಎಂದೆ. "ಅವನ ಹೆಸರು, ಅವನ ತಾಯಿ ಹೆಸರು. ಉಳದದ್ದು ನಾವು ನೋಡಕೋತೀವಿ. ಮಣ್ಣು ಮಾಡ್ತೀವಿ. ನೀವು ಸಿಡ್ನಿಗೂ ಬರಬೇಕಾಗಿಲ್ಲ."

"ಅಕ್ಕಾರ, ನೀವು ಒಳ್ಳೇದಕ್ಕ ಬಂದೀರಿ, ನಂಗ ತಿಳೀತೈತಿ. ಆದ್ರ ಅವನ ವಿಸಿಟರ್ ವೀಸಾಕ್ಕ ಲೆಟರ್ ಬರದುಕೊಟ್ಟಾಂವ ನಾನು. ಹೊಳ್ಳಿ ಹೋಗ್ತಾನ, ಜವಾಬ್ದಾರಿ ನಂದು ಅಂತ. ಅಂವ ಹೋಗಲಿಲ್ಲ. ಬೈದೆ. ಜಗಳಾಡಿ ಸಿಡ್ನಿಗೆ ಹೋದ, ಮಾತು ಬಿಟ್ವಿ. ಈಗ ಇಲ್ಲೇ ಕಾಯಂ ಇರಾಕ ಹಾಕಿದ ನನ್ನ ಪಿಆರ್ ಫೈಲು ಆಫೀಸರ್ ಟೇಬಲ್ ಮ್ಯಾಲ ಕುಂತೈತಿ. ಈ ಟೈಮ್‌ನಾಗ ನಾ ಪೊಲೀಸರಿಗೆ ಫೋನ್ ಮಾಡ್ಲೇನ್ರಿ?"

"ಅದಕ್ಕೂ ಇದಕ್ಕೂ ಸಂಬಂಧ ಹಚ್ಚತಾರೋ ಇಲ್ಲೋ, ಒಬ್ಬ ವಕೀಲರನ್ನ ಕೇಳೋಣಲ್ರಿ?"

"ಹಚ್ಚಿದ್ರ? ಮಾರ್ಟ್‌ಗೇಜ್ ಯಾರು ಕಟ್ಟತಾರ? ಮಕ್ಕಳನ್ನ ಯಾವ ಸಾಲಿಗೆ ಹಾಕಲಿ?" ಟಿವಿಯ ಕಡೆ ಕೈ ಮಾಡಿದರು. "ದಿನಾ ನೋಡ್ರಿ, ಹಿಂಗ ಉಳಕೊಂಡವರ ಸಂಬಂಧ ನಮ್ಮನ್ನೂ ಕೂಡಿಸಿ ಬೈತಾರ. ಲೈನ್‌ದಾಗ ನಿಂತು, ಫೀ ತುಂಬಿ, ಪರೀಕ್ಷಾ ಬರದು ಬಂದಾವ್ರು ನಾವು. ಅಂವ ಹಿತ್ತಲ ಬಾಗಲದಿಂದ ಕುಂತಾಂವ."

ಹೆಂಡತಿ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. "ಹಿತ್ತಲ ಬಾಗಲ ತಗದಾವ್ರು ಯಾರ್ರೀ?" ಎಂದರು. "ಊರಾಗ ಅತ್ತಿಗೆ, ಅವನ ಅವ್ವಗ, ಏನ ಹೇಳೋದು?"

"ನೀ ಸುಮ್ನಿರು." ಗಂಡ ಕಪ್ಪನ್ನು ನನ್ನ ಕಡೆ ಸರಿಸಿದರು. "ಅತ್ತಿಗೆ ನಾ ಹೇಳತೀನಿ, ಟೈಮ್ ನೋಡಿ. ಅಕ್ಕಾರ, ಚಾ ತೊಗೋರಿ, ಆರತೈತಿ."

ಚಹಾ ಕುಡಿದೆ. ಬಾಗಿಲವರೆಗೆ ಬಂದು ಕೈ ಮುಗಿದರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ನಾನು ಗೇಟು ದಾಟುವ ಮೊದಲೇ ಅವರು ಒಳಗಿನಿಂದ ಚಿಲಕ ಹಾಕಿಕೊಂಡರು.

ಸಿಡ್ನಿಗೆ ಮರಳುವಷ್ಟರಲ್ಲಿ ಕಾಂಟ್ರಾಕ್ಟರ್ ಆಫೀಸಿನಲ್ಲಿ ಗಲಾಟೆ ಮಾಡಿ ಹೋಗಿದ್ದ. ಮರುದಿನ ನನಗೇ ಫೋನ್ ಮಾಡಿದ.

"ಏನ್ ಮೇಡಂ, ಕುಲುಮೆ ರಿಪೇರಿ ಅಂತಾರೆ ನಿಮ್ಮ ಬಾಸು. ಸಿಡ್ನಿಯಲ್ಲಿ ಒಂದೇ ಕುಲುಮೆನಾ? ಬೇರೆ ಕಂಪನಿಗೆ ಟ್ರಾನ್ಸ್‌ಫರ್ ಮಾಡಿಸ್ತಾ ಇದೀನಿ. ನಾಳೆ ಬಂದು ತಗೊಂಡು ಹೋಗ್ತಾರೆ."

"ಅವ ನೀವು ಹೇಳಿದ ಹೆಸರಿನಾಂವ ಹೌದೇನ್ರಿ?"

"ಮೇಡಂ, ನಿಮಗ್ಯಾಕೆ ಇದೆಲ್ಲ? ನಾನಿಲ್ಲ ಅಂದ್ರೆ ಆ ಹುಡುಗ್ರಿಗೆ ಊಟ ಯಾರು ಹಾಕ್ತಾರೆ, ನೀವು ಹಾಕ್ತೀರಾ?"

ದೇಹ ಇನ್ನೊಂದು ಸಂಸ್ಥೆಗೆ ಹೋದರೆ ಅಲ್ಲಿ ಆ ಕರಡಿಗೆ ಮತ್ತೆ ಬಿಳಿ ಲೋಹದ ಪದಕವೇ. ತೆಗೆದು ಒಂದು ಡಬ್ಬಿಗೆ ಹಾಕಿ ಸುಟ್ಟುಬಿಡುತ್ತಾರೆ. ಒಂದು ಕಡೆ ಬೂದಿಯಾಗಲಿರುವ ಸತ್ತವನು, ಇನ್ನೊಂದು ಕಡೆ ಬದುಕಿರುವ ಆ ಹುಡುಗರು. ಎರಡೂ ಕಡೆಗೆ ಒಳ್ಳೆಯದಾಗುವ ದಾರಿ ಟಾರ್ನೀಟಿನಲ್ಲಿ ಮುಚ್ಚಿಹೋಗಿತ್ತು. ಆ ಸಂಜೆ ಬೆಳಗಾವಿಯ ಯುವಕನಿಗೆ ಫೋನ್ ಹಚ್ಚಿ ನೇರವಾಗಿ ಹೇಳಿದೆ: "ನಾಳೆ ಮುಂಜಾನೆ ನಾ ಸರ್ಕಾರದವರಿಗೆ ಹೇಳಾಕಿ ಅದೀನಿ. ನಿಮಗ ಮೊದಲ ಗೊತ್ತಿರಲಿ ಅಂತ ಫೋನ್ ಮಾಡೀನಿ."

ಬೈಯುತ್ತಾನೆ ಎಂದುಕೊಂಡೆ. "ಆತ್ರಿ ಅಕ್ಕಾರ," ಎಂದ. "ಅವನ್ನ ಸುಡಬ್ಯಾಡ್ರಿ."

ಬೆಳಿಗ್ಗೆ ಮ್ಯಾನೇಜರ್ ಎದುರಿನಲ್ಲೇ ಕೊರೊನರ್ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಅಧಿಕಾರಿಗೆ ಕರಡಿಗೆ ಎಂದರೇನು ಎಂದು ವಿವರಿಸಬೇಕಾಯಿತು. ಸಾವಧಾನವಾಗಿ ಕೇಳಿದರು. ಕರೆಯುತ್ತಿದ್ದ ಹೆಸರು, ಊರಿನ ಕಡೆ, ಮೆಲ್ಬರ್ನಿನ ನಂಬರು ಕೊಟ್ಟೆ. ಸುಡುವುದನ್ನು ತಡೆದರು, ದೇಹ ಮರಳಿ ಅವರ ಶೈತ್ಯಾಗಾರಕ್ಕೆ ಹೋಯಿತು.

ಆಮೇಲೆ ಆದದ್ದೆಲ್ಲ ಕ್ರಮಪ್ರಕಾರವೇ ಆಯಿತು. ಪೊಲೀಸರು ಹೋದಾಗ ಮನೆ ಖಾಲಿ, ಬೂಟುಗಳೂ ಇರಲಿಲ್ಲ. ಗುಜರಾತಿನ ಆ ಮನುಷ್ಯ ತನ್ನೂರಿನಲ್ಲಿ ಬದುಕಿದ್ದಾನೆ ಎಂದು ತಿಳಿಯಿತು, ಹಾಗಾಗಿ ಆ ಹೆಸರನ್ನು ಹೊಡೆದುಹಾಕಿದರು. ಕಾಂಟ್ರಾಕ್ಟರ್, ಸತ್ತವನು ಕೊಟ್ಟ ಪಾಸ್‌ಪೋರ್ಟನ್ನು ನಾನು ನಂಬಿದೆ ಎಂದ. ಅಲ್ಲ ಎನ್ನಲು ಯಾರೂ ಉಳಿದಿರಲಿಲ್ಲ. ವಲಸೆ ಇಲಾಖೆಯ ದಾಖಲೆಗೆ ಹೋಲಿಸಲು ಬೆರಳಚ್ಚು ತೆಗೆಯಹೋದರು. ವರ್ಷಗಟ್ಟಲೆ ಇಟ್ಟಿಗೆ ಮತ್ತು ಆ್ಯಸಿಡ್ ತಿಂದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ, ಮೂಡಿದ್ದು ಬರೀ ಕಪ್ಪು ಚುಕ್ಕೆಗಳು. ಟಾರ್ನೀಟಿಗೆ ಹೋದ ಪೊಲೀಸರು ಫೋಟೋ ತೋರಿಸಿದರಂತೆ. ಗಂಡ ನೋಡಿ, ಗೊತ್ತಿಲ್ಲ ಎಂದರಂತೆ. ಹೆಂಡತಿ ಮನೆಯಲ್ಲಿರಲಿಲ್ಲವಂತೆ. ಸಂಬಂಧವಿಲ್ಲ ಎಂದವರಿಂದ ಡಿಎನ್ಎ ಪರೀಕ್ಷೆಗೆ ರಕ್ತ ಕೇಳಲು ಬರುವುದಿಲ್ಲ. ಭಾರತದ ಕಾನ್ಸುಲೇಟಿಗೆ ಹೋದ ವಿಚಾರಣೆಗೆ, ಮಲ್ಲು ಎಂಬ ಕರೆಯುವ ಹೆಸರಿನ ಮೇಲೆ ಏನೂ ಹುಡುಕಲಾಗದು ಎಂದು ಉತ್ತರ ಬಂತು. ಗೋಕಾಕದ ಕಡೆ ಓಣಿಗೆ ನಾಲ್ಕು ಜನ ಮಲ್ಲು ಇರುತ್ತಾರೆ, ಅವರದು ತಪ್ಪಲ್ಲ.

ಕಡೆಗೆ ಅವರು ಬರೆದದ್ದು: ಅಪರಿಚಿತ ಗಂಡಸು.

ನಮ್ಮಲ್ಲಿಗೆ ಬಂದಾಗ ಅವನಿಗೆ ಸುಳ್ಳಾದರೂ ಒಂದು ಹೆಸರಿತ್ತು. ನಾನು ಅದನ್ನೂ ಕಳೆದೆ. ಅವನ ಜೊತೆಗಿದ್ದವರ ಸೂರು, ಕೂಲಿ ಕಳೆದೆ. ಬೆಳಗಾವಿಯ ಯುವಕನ ಫೋನು ಅಂದಿನಿಂದ ಹತ್ತುತ್ತಿಲ್ಲ. ಕಾಂಟ್ರಾಕ್ಟರನ ಗಾಡಿಯನ್ನು ಮೊನ್ನೆ ಇನ್ನೊಂದು ಹೊಸ ಬಡಾವಣೆಯಲ್ಲಿ ಕಂಡೆ, ಹಿಂದುಗಡೆ ಬೇರೆ ಮುಖಗಳು ಕೂತಿದ್ದವು. "ನೀನು ಸರಿಯಾದದ್ದೇ ಮಾಡಿದ್ದು ಮಾರಾಯ್ತಿ," ಎನ್ನುತ್ತಾರೆ ಮ್ಯಾನೇಜರ್. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಗುರುತು ಸಿಗದವರನ್ನು ಇಲ್ಲಿ ಸುಡುವುದಿಲ್ಲ, ಮುಂದೆ ಯಾರಾದರೂ ಬಂದು ಕೇಳಿದರೆ ಎಂದು ಹೂಳುತ್ತಾರೆ. ಆ ಸರ್ಕಾರಿ ಕೆಲಸದ ಸರದಿ ನಮ್ಮ ಸಂಸ್ಥೆಗೇ ಬಂತು. ಕುಳ್ಳಿರಿಸಿ ಮಾಡಬಹುದೇ ಎಂದು ಸ್ಮಶಾನದವರನ್ನು ಕೇಳಿದೆ. ಪೆಟ್ಟಿಗೆಯಿಲ್ಲದೆ ಇಳಿಸುವಂತಿಲ್ಲ, ಪೆಟ್ಟಿಗೆಯ ಅಳತೆ ಇಷ್ಟೇ ಎಂದರು. ಮಲಗಿಸಿಯೇ ಇಟ್ಟೆವು. ಬಿಳಿ ಅಂಗಿ ತೊಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ. ಮಣ್ಣು ಹಾಕುವಾಗ ಇದ್ದವರು ನಾನು, ಮ್ಯಾನೇಜರ್, ಮಣ್ಣೆಳೆಯುವ ಯಂತ್ರದವನು. ಮ್ಯಾನೇಜರ್ ತಮ್ಮ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ ಹೇಳಿದರು. ನಾನು ಒಂದು ಹಿಡಿ ಮಣ್ಣು ಹಾಕಿದೆ.

ಹಲವು ತಿಂಗಳಾದ ಮೇಲೆ ಮೆಲ್ಬರ್ನಿನಿಂದ ಫೋನ್ ಬಂತು.

"ಅಕ್ಕಾರ, ಆರಾಮದೀರಿ? ಪಿಆರ್ ಆತ್ರಿ ನಮ್ದು. ಅವನ್ನ ಎಲ್ಲಿ ಇಟ್ಟೀರಿ?"

ಸ್ಮಶಾನದ ಹೆಸರು, ಎಷ್ಟನೆಯ ಗೇಟು, ಯಾವ ಸಾಲು ಎಲ್ಲ ಹೇಳಿದೆ. ಬರೆದುಕೊಳ್ಳುವ ಸದ್ದು ಕೇಳಿಸಿತು.

"ಅವನ ಅವ್ವಗ ಹೇಳಿದ್ರೇನ್ರಿ?"

"ಗಣಿಯೊಳಗ ಕೆಲಸ ಸಿಕ್ಕೈತಿ, ಅಲ್ಲಿ ನೆಟ್‌ವರ್ಕ್ ಇಲ್ಲ ಅಂದೀನ್ರಿ. ತಿಂಗಳಾ ಅವನ ಹೆಸರ್ಲೆ ನಾನ ಒಂದಿಷ್ಟು ಕಳಸತೀನಿ."

"ಈಗ ಪಿಆರ್ ಬಂತಲ್ರಿ. ಇನ್ನೂ ಹೊತ್ತು ಮೀರಿಲ್ಲ. ಕೊರೊನರ್ ಆಫೀಸಿಗೆ ಒಂದು ಫೋನ್ ಮಾಡ್ರಿ. ಫೈಲ್ ತಗದು ಹೆಸರು ಹಚ್ಚತಾರ."

ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಇನ್ನ ಸಿಟಿಜನ್‌ಶಿಪ್ ಬಾಕಿ ಐತಲ್ರಿ ಅಕ್ಕಾರ," ಎಂದರು.